ವರದಿಗಾರರ ದಾರಿಖರ್ಚು

ದೂರದೇಶದ ಸುದ್ದಿ ಪತ್ರಿಕೆಗೆ ಬಲು ದುಬಾರಿ ಬಾಬತ್ತು. ವಿಮಾನದ ಟಿಕೆಟ್, ವೀಸಾ, ವಿಮೆ, ಜೀಪಿನ ಬಾಡಿಗೆ, ದುಭಾಷಿಯ ಸಂಬಳ, ವಾರಗಟ್ಟಲೆ ಉಳಿಯುವ ಖರ್ಚು ಎಲ್ಲ ಆದ ಮೇಲೂ ಕೈಗೆ ಬರುವುದು ಒಂದೆರಡು ಪುಟದ ವರದಿ. ಇಪ್ಪತ್ತನೆಯ ಶತಮಾನದ ಬಹುಕಾಲ ಈ ಖರ್ಚನ್ನು ಹೊತ್ತದ್ದು ಜಾಹೀರಾತಿನ ಆದಾಯ. ಯುದ್ಧ, ಚುನಾವಣೆ, ಭೂಕಂಪಗಳಿಗೆ ಪತ್ರಿಕೆಗಳು ಹೇಗೋ ಹಣ ಹೊಂದಿಸಿಕೊಂಡವು. ನಿಧಾನವಾಗಿ ಹಬ್ಬುವ ಕಾಯಿಲೆ, ವರ್ಷಗಟ್ಟಲೆ ಕಾಡುವ ಹಸಿವು, ಸದ್ದಿಲ್ಲದೆ ಕರಗುವ ಕಾಡು ಇವಕ್ಕೆ ಆ ಭಾಗ್ಯ ಸಿಗಲಿಲ್ಲ. ಅಂಥ ಸುದ್ದಿಯನ್ನು ಹುಡುಕಿಕೊಂಡು ಹೋಗುವವರಿಗೆ ಪತ್ರಿಕೆಯ ಹೊರಗಿನಿಂದ, ಲಾಭದ ಆಸೆಯಿಲ್ಲದ ಸಂಸ್ಥೆಗಳಿಂದ ಹಣ ಒದಗಿಸುವ ಏರ್ಪಾಡು ಮುಖ್ಯವಾಗಿ ಅಮೆರಿಕದಲ್ಲಿ ಹುಟ್ಟಿ, ಸುಮಾರು ನೂರು ವರ್ಷಗಳಲ್ಲಿ ಬೆಳೆದು ಬೇರೆ ದೇಶಗಳಿಗೂ ಹಬ್ಬಿತು. ಹಣ ಯಾರದು, ಕೊಟ್ಟವರ ಮಾತು ವರದಿಯೊಳಗೆ ಎಷ್ಟು ನಡೆಯುತ್ತದೆ ಎಂಬ ಪ್ರಶ್ನೆಗಳು ಮೊದಲ ದಿನದಿಂದಲೂ ಅದರ ಜೊತೆಗೇ ಬಂದಿವೆ.

ಈ ಏರ್ಪಾಡಿನ ಒಂದು ಹಳೆಯ ರೂಪ 1925ರಲ್ಲಿ ಕಾಣುತ್ತದೆ. ಶಿಕಾಗೊದ ಕೊಳಾಯಿ ಸಾಮಾನುಗಳ ದೊಡ್ಡ ಉದ್ಯಮದ ವಾರಸುದಾರ ಚಾರ್ಲ್ಸ್ ಕ್ರೇನ್ ಆ ವರ್ಷ ಇನ್‌ಸ್ಟಿಟ್ಯೂಟ್ ಆಫ್ ಕರೆಂಟ್ ವರ್ಲ್ಡ್ ಅಫೇರ್ಸ್ ಎಂಬ ಸಂಸ್ಥೆಯನ್ನು ಕಟ್ಟಿದ. ಅಮೆರಿಕನ್ನರಿಗೆ ಹೊರಗಿನ ಜಗತ್ತಿನ ಅರಿವು ತೀರಾ ಕಡಿಮೆ ಎಂಬುದು ಅವನ ಕೊರಗು. ಯುವಕರನ್ನು ಒಂದು ದೇಶಕ್ಕೆ ಕಳಿಸಿ, ವರ್ಷಗಟ್ಟಲೆ ಅಲ್ಲೇ ಇರಿಸಿ, ಕಂಡದ್ದನ್ನು ಪತ್ರಗಳಾಗಿ ಬರೆಸುವುದು ಸಂಸ್ಥೆಯ ಕ್ರಮ. ನಾಳೆ ಬೆಳಗಿನ ಪುಟಕ್ಕೆ ಏನಾದರೂ ಕಳಿಸಬೇಕೆಂಬ ಒತ್ತಡ ಅವರಿಗೆ ಇರಲಿಲ್ಲ.

ಹಾಗೆ ಬಂದವರಲ್ಲಿ ಫಿಲಿಪ್ಸ್ ಟಾಲ್ಬಟ್ ಒಬ್ಬ. ಶಿಕಾಗೊ ಡೈಲಿ ನ್ಯೂಸ್‌ನಲ್ಲಿ ವರದಿಗಾರನಾಗಿದ್ದ ಈತ 1938ರಲ್ಲಿ ಸಂಸ್ಥೆಯ ಫೆಲೋ ಆಗಿ ಮೊದಲು ಲಂಡನ್ನಿನಲ್ಲಿ ಓದಿ, ನಂತರ ಅಲೀಗಢದ ವಿಶ್ವವಿದ್ಯಾಲಯಕ್ಕೆ ಬಂದ. 1947ರ ಆರಂಭದಲ್ಲಿ, ಕೋಮುಗಲಭೆಯಲ್ಲಿ ಬೆಂದಿದ್ದ ನೌಖಾಲಿಯ ಹಳ್ಳಿಗಳಲ್ಲಿ ಗಾಂಧೀಜಿ ಪಾದಯಾತ್ರೆ ನಡೆಸುತ್ತಿದ್ದಾಗ ಟಾಲ್ಬಟ್ ಅಲ್ಲಿಗೂ ತಲುಪಿ ಅವರೊಂದಿಗೆ ಹೆಜ್ಜೆ ಹಾಕಿದ. ದೇಶ ವಿಭಜನೆಯ ದಿನಗಳ ಅವನ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದವು. ದೆಹಲಿಯ ಮಾತುಕತೆಗಳ ಹಿಂದೆ ಓಡುವ ತುರ್ತಿಲ್ಲದ, ಪೂರ್ವ ಬಂಗಾಳದ ಗದ್ದೆಬದುವಿನವರೆಗೂ ಹೋಗಬಲ್ಲ ಬಿಡುವು ಅವನಿಗೆ ಸಿಕ್ಕದ್ದು ಆ ಫೆಲೋಶಿಪ್‌ನಿಂದ.

ಹೊರಗಿನ ಹಣಕ್ಕೆ ಇನ್ನೊಂದು ಮುಖವೂ ಇತ್ತು, ಅದು ಕರಾಳ ಮುಖ. 1950ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಹಲವು ದೇಶಗಳಲ್ಲಿ ಒಳ್ಳೆಯ ವೈಚಾರಿಕ ಪತ್ರಿಕೆಗಳನ್ನು ಬೆಂಬಲಿಸಿತು. ಲಂಡನ್ನಿನ ಎನ್‌ಕೌಂಟರ್ ಅವುಗಳಲ್ಲಿ ಹೆಸರುವಾಸಿ. ಮುಂಬೈಯಿಂದ 1955ರಲ್ಲಿ ಹೊರಟ, ಕವಿ ನಿಸ್ಸಿಮ್ ಎಜೆಕಿಯಲ್ ಮೊದಲ ಸಂಪಾದಕರಾಗಿದ್ದ ಕ್ವೆಸ್ಟ್ ಕೂಡ ಇದೇ ಬಳಗದ್ದು. 1966–67ರಲ್ಲಿ ಈ ಹಣದ ಮೂಲ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಎಂಬುದು ಬಯಲಾಯಿತು. ನಡುವೆ ದತ್ತಿನಿಧಿಗಳ ಹೆಸರಿನ ಮರೆ ಇತ್ತು. ಈ ಪತ್ರಿಕೆಗಳಲ್ಲಿ ಬರೆದ ಎಷ್ಟೋ ಜನಕ್ಕೆ ಹಣದ ಮೂಲ ತಿಳಿದಿರಲಿಲ್ಲ; ಎನ್‌ಕೌಂಟರ್‌ನ ಸ್ಥಾಪಕ ಸಂಪಾದಕರಲ್ಲಿ ಒಬ್ಬರಾದ ಕವಿ ಸ್ಟೀಫನ್ ಸ್ಪೆಂಡರ್ ರಾಜೀನಾಮೆ ಕೊಟ್ಟು ಹೊರಬಂದರು. ಬರೆದ ಲೇಖನ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಹಣ ಕೊಟ್ಟವರ ಹೆಸರು ಮುಚ್ಚಿಟ್ಟಿದ್ದರೆ ಓದುಗರ ನಂಬಿಕೆ ಒಂದೇ ದಿನದಲ್ಲಿ ಮುರಿದು ಬೀಳುತ್ತದೆ. ದಾನಿಗಳ ಹೆಸರನ್ನು ಬಹಿರಂಗವಾಗಿ ಪ್ರಕಟಿಸುವ ಈಗಿನ ಪದ್ಧತಿಯ ಬೆಲೆ ಗೊತ್ತಾಗುವುದು ಈ ಹಗರಣವನ್ನು ನೆನೆದಾಗ.

ಎರಡೇ ವರ್ಷಕ್ಕೆ, 1969ರಲ್ಲಿ, ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ವಾಷಿಂಗ್ಟನ್ನಿನಲ್ಲಿ ಶುರುವಾಯಿತು. ಸಿಯರ್ಸ್ ರೋಬಕ್ ವ್ಯಾಪಾರಿ ಸಂಸ್ಥೆಯ ಜೂಲಿಯಸ್ ರೋಸೆನ್‌ವಾಲ್ಡ್‌ನ ಮೊಮ್ಮಗ ಫಿಲಿಪ್ ಸ್ಟರ್ನ್ ಆರಂಭಿಸಿದ ಫಂಡ್ ಫಾರ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಅದು. ಹಟ ಹಿಡಿದ ವರದಿಗಾರನ ಕೈಗೆ ಹೊತ್ತಿಗೆ ಸರಿಯಾಗಿ ಸ್ವಲ್ಪ ಹಣ ಸಿಕ್ಕರೂ ಸಾಕು, ದೊಡ್ಡ ಸತ್ಯ ಹೊರಬರುತ್ತದೆ ಎಂಬುದು ಸ್ಟರ್ನ್‌ನ ನಂಬಿಕೆ. ನಿಧಿ ಕೊಟ್ಟ ಮೊದಲ ನೆರವು 250 ಡಾಲರ್. ಪಡೆದವನು ಸೀಮೋರ್ ಹರ್ಷ್, ಆಗ ಯಾವ ಪತ್ರಿಕೆಯ ನೌಕರಿಯೂ ಇಲ್ಲದ ಫ್ರೀಲಾನ್ಸ್ ವರದಿಗಾರ.

ವಿಯೆಟ್ನಾಮಿನಲ್ಲಿ ನಾಗರಿಕರನ್ನು ಕೊಂದ ಆರೋಪದ ಮೇಲೆ ಸೈನ್ಯ ತನ್ನದೇ ಅಧಿಕಾರಿಯೊಬ್ಬನನ್ನು ಗುಟ್ಟಾಗಿ ವಿಚಾರಣೆಗೆ ಒಳಪಡಿಸುತ್ತಿದೆ ಎಂಬ ಸುಳಿವು ಆ ವರ್ಷದ ಅಕ್ಟೋಬರಿನಲ್ಲಿ ಹರ್ಷ್‌ಗೆ ಸಿಕ್ಕಿತ್ತು. ಅಧಿಕಾರಿಯ ಹೆಸರು ವಿಲಿಯಂ ಕ್ಯಾಲಿ ಎಂದು ಪತ್ತೆ ಮಾಡಿ, ಅವನ ವಕೀಲ ಜಾರ್ಜ್ ಲ್ಯಾಟಿಮರ್‌ನನ್ನು ಕಾಣಲು ಹರ್ಷ್ ಸಾಲ್ಟ್ ಲೇಕ್ ಸಿಟಿಗೆ ವಿಮಾನ ಹತ್ತಿದ. ವಕೀಲನ ಮೇಜಿನ ಮೇಲೆ ಆರೋಪಪಟ್ಟಿ ಇತ್ತು. ಎದುರು ಕುರ್ಚಿಯಲ್ಲಿ ಕೂತ ಹರ್ಷ್, ಮಾತನ್ನು ಟಿಪ್ಪಣಿ ಮಾಡಿಕೊಳ್ಳುವವನಂತೆ ಕಾಣಿಸುತ್ತ, ತಲೆಕೆಳಗಾಗಿ ಕಾಣುತ್ತಿದ್ದ ಆ ಅಕ್ಷರಗಳನ್ನು ಓದಿ ಬರೆದುಕೊಂಡ. 109 ಮಂದಿ ವಿಯೆಟ್ನಾಮಿಗರ ಕೊಲೆಯ ಆರೋಪ ಅದರಲ್ಲಿತ್ತು. ಅಲ್ಲಿಂದ ಜಾರ್ಜಿಯಾ ರಾಜ್ಯದ ಫೋರ್ಟ್ ಬೆನಿಂಗ್ ಸೇನಾ ನೆಲೆಗೆ ಹೋಗಿ, ಇಡೀ ದಿನ ಬ್ಯಾರಕ್ಕುಗಳನ್ನೂ ಪಾರ್ಕಿಂಗ್ ಜಾಗಗಳನ್ನೂ ಸುತ್ತಿ, ಕೊನೆಗೆ ಅಧಿಕಾರಿಗಳ ವಸತಿಗೃಹದಲ್ಲಿ ಕ್ಯಾಲಿಗೇ ಮುಖಾಮುಖಿಯಾದ.

ಲೈಫ್, ಲುಕ್ ಎಂಬ ಎರಡು ದೊಡ್ಡ ನಿಯತಕಾಲಿಕಗಳು ಈ ಸುದ್ದಿಯನ್ನು ಬೇಡವೆಂದವು. ಕೊನೆಗೆ ಇಪ್ಪತ್ತಮೂರು ವರ್ಷದ ಡೇವಿಡ್ ಆಬ್ಸ್ಟ್ ನಡೆಸುತ್ತಿದ್ದ ಡಿಸ್ಪ್ಯಾಚ್ ನ್ಯೂಸ್ ಸರ್ವೀಸ್ ಎಂಬ ಪುಟ್ಟ ಸುದ್ದಿಸಂಸ್ಥೆ ಪತ್ರಿಕೆಯಿಂದ ಪತ್ರಿಕೆಗೆ ಫೋನು ಮಾಡಿ ವರದಿಯನ್ನು ಮಾರಿತು. ಸುಮಾರು 35 ಪತ್ರಿಕೆಗಳು ತಲಾ 100 ಡಾಲರ್ ಕೊಟ್ಟು ಕೊಂಡು 1969ರ ನವೆಂಬರ್ 13ರಂದು ಅಚ್ಚು ಹಾಕಿದವು. 1968ರ ಮಾರ್ಚ್ 16ರಂದು ಮೈಲಾಯ್‌ನಲ್ಲಿ ನಡೆದ ಹತ್ಯಾಕಾಂಡ ಜಗತ್ತಿಗೆ ತಿಳಿದದ್ದು ಹೀಗೆ. ಸತ್ತವರು 347 ಎಂದು ಅಮೆರಿಕದ ಸೈನ್ಯದ ಲೆಕ್ಕ. ವಿಯೆಟ್ನಾಮಿನ ಸ್ಮಾರಕದಲ್ಲಿ 504 ಹೆಸರುಗಳಿವೆ. ನಿಧಿಯಿಂದ ಹರ್ಷ್‌ಗೆ ಮುಂದೆ ಇನ್ನೂ 2,000 ಡಾಲರ್ ಸಿಕ್ಕಿತು, 1970ರಲ್ಲಿ ಅಂತರರಾಷ್ಟ್ರೀಯ ವರದಿಗಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ಈ ನೆರವಿನಲ್ಲಿ ಗಮನಿಸಬೇಕಾದದ್ದು ಮೊತ್ತಕ್ಕಿಂತ ಅದು ಬಂದ ಗಳಿಗೆ. ಸುದ್ದಿ ಇನ್ನೂ ಬರೀ ಗುಮಾನಿಯಾಗಿದ್ದಾಗ ಯಾವ ಪತ್ರಿಕೆಯೂ ಟಿಕೆಟ್ ಕೊಳ್ಳುವುದಿಲ್ಲ. ಕೈಗೆ ಏನೂ ಸಿಗದಿರಬಹುದೆಂದು ತಿಳಿದೂ ಆ ಹಂತದಲ್ಲಿ ಹಣ ಕೊಡುವುದು ದಾನನಿಧಿಯಿಂದ ಮಾತ್ರ ಆಗುವ ಕೆಲಸ.

ಮುಂದಿನ ಮೂರು ದಶಕಗಳಲ್ಲಿ ಇದೇ ಬಗೆಯ ಸಂಸ್ಥೆಗಳು ಒಂದೊಂದಾಗಿ ಎದ್ದವು. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೆಂಟರ್ ಫಾರ್ ಇನ್ವೆಸ್ಟಿಗೇಟಿವ್ ರಿಪೋರ್ಟಿಂಗ್ ಬಂತು. ದೂರದರ್ಶನದ ಹೆಸರಾಂತ ಕಾರ್ಯಕ್ರಮ 60 ಮಿನಿಟ್ಸ್‌ನ ನಿರ್ಮಾಪಕ ಹುದ್ದೆ ಬಿಟ್ಟುಬಂದ ಚಾರ್ಲ್ಸ್ ಲೂಯಿಸ್ 1989ರಲ್ಲಿ ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿಯನ್ನು ಕಟ್ಟಿದರು. ಅದರ ಅಂಗವಾಗಿ 1997ರಲ್ಲಿ ತನಿಖಾ ಪತ್ರಕರ್ತರ ಅಂತರರಾಷ್ಟ್ರೀಯ ಒಕ್ಕೂಟ ಐಸಿಐಜೆ ಹುಟ್ಟಿತು. 2016ರ ಏಪ್ರಿಲ್‌ನಲ್ಲಿ ಒಕ್ಕೂಟ ಹೊರತಂದ ಪನಾಮಾ ಪೇಪರ್ಸ್‌ನ ಹಿಂದೆ 1.15 ಕೋಟಿ ದಾಖಲೆಗಳಿದ್ದವು. ಜರ್ಮನಿಯ ಪತ್ರಿಕೆಯೊಂದರ ಕೈಸೇರಿದ ಈ ರಾಶಿಯನ್ನು ಒಂದು ವರ್ಷ ಗುಟ್ಟು ಕಾಪಾಡಿಕೊಂಡು ಜಾಲಾಡಿದವರು 370ಕ್ಕೂ ಹೆಚ್ಚು ಪತ್ರಕರ್ತರು. ಭಾರತದಿಂದ ಇಂಡಿಯನ್ ಎಕ್ಸ್‌ಪ್ರೆಸ್ ಕೈಜೋಡಿಸಿತ್ತು. ಐಸ್‌ಲ್ಯಾಂಡಿನ ಪ್ರಧಾನಿ ಕೆಲವೇ ದಿನಗಳಲ್ಲಿ ಕೆಳಗಿಳಿದರು; ಮರುವರ್ಷ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಅನರ್ಹಗೊಂಡರು.

ಅಷ್ಟರಲ್ಲಿ ಪತ್ರಿಕೆಗಳ ಬುಡವೇ ಅಲುಗಾಡತೊಡಗಿತ್ತು. ಜಾಹೀರಾತು ಅಂತರ್ಜಾಲದ ಕಡೆ ಹರಿದಂತೆ ಮೊದಲ ಕತ್ತರಿ ಬಿದ್ದದ್ದು ವಿದೇಶಿ ಬ್ಯೂರೊಗಳಿಗೆ. ಬೋಸ್ಟನ್ ಗ್ಲೋಬ್ 2007ರಲ್ಲಿ ಜೆರುಸಲೇಮ್, ಬರ್ಲಿನ್, ಬೊಗೊಟಾಗಳಲ್ಲಿ ಉಳಿದಿದ್ದ ತನ್ನ ಕಚೇರಿಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ಒಡೆತನ ಹೊಂದಿದ್ದ ಪುಲಿಟ್ಜರ್ ಕಂಪನಿ 2005ರಲ್ಲಿ 146 ಕೋಟಿ ಡಾಲರಿಗೆ ಲೀ ಎಂಟರ್‌ಪ್ರೈಸಸ್ ಪಾಲಾಯಿತು. ಮೂರು ದಶಕ ಆ ಪತ್ರಿಕೆಯಲ್ಲಿ ದುಡಿದು, ಅದರ ವಾಷಿಂಗ್ಟನ್ ಬ್ಯೂರೊ ಮುಖ್ಯಸ್ಥರಾಗಿದ್ದ ಜಾನ್ ಸಾಯರ್ ಹೊರಬಂದು 2006ರಲ್ಲಿ ಪುಲಿಟ್ಜರ್ ಸೆಂಟರ್ ಆನ್ ಕ್ರೈಸಿಸ್ ರಿಪೋರ್ಟಿಂಗ್ ಸ್ಥಾಪಿಸಿದರು. ಮನೆತನದ ಎಮಿಲಿ ರಾವ್ ಪುಲಿಟ್ಜರ್ ಮೂಲಧನದ ನೆರವಿತ್ತರು. ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಮೂಲಪುರುಷ ಜೋಸೆಫ್ ಪುಲಿಟ್ಜರ್ ಒಬ್ಬನೇ.

ಸೆಂಟರ್ ತಾನೇ ಪತ್ರಿಕೆ ಹೊರಡಿಸುವುದಿಲ್ಲ. ಫ್ರೀಲಾನ್ಸ್ ಬರಹಗಾರರೋ ಪತ್ರಿಕೆಯ ಸಿಬ್ಬಂದಿಯೋ ತಾವು ಹೋಗಬೇಕೆಂದಿರುವ ಊರು, ಹಿಡಿಯಬೇಕೆಂದಿರುವ ವಿಷಯ, ಖರ್ಚಿನ ಅಂದಾಜು, ವರದಿ ಎಲ್ಲಿ ಪ್ರಕಟವಾದೀತು ಎಂಬ ವಿವರಗಳೊಂದಿಗೆ ಅರ್ಜಿ ಹಾಕುತ್ತಾರೆ. ಒಪ್ಪಿಗೆಯಾದರೆ ಪ್ರಯಾಣ ಮತ್ತು ಕ್ಷೇತ್ರದ ಖರ್ಚು ಸಿಗುತ್ತದೆ. ಏನು ಬರೆಯಬೇಕೆಂಬುದು ವರದಿಗಾರರದು ಮತ್ತು ಪ್ರಕಟಿಸುವ ಪತ್ರಿಕೆಯದು. ದಾನಿಗಳಿಗೆ ಅಚ್ಚಿಗೆ ಮುಂಚೆ ವರದಿ ನೋಡುವ ಅಧಿಕಾರವಿಲ್ಲ. ಪ್ರಕಟವಾದ ಮೇಲೆ ವರದಿಗಾರರನ್ನು ಶಾಲೆ ಕಾಲೇಜುಗಳಿಗೆ ಕರೆದೊಯ್ದು ಮಕ್ಕಳೊಡನೆ ಮಾತಾಡಿಸುವುದನ್ನೂ ಸೆಂಟರ್ ಆರಂಭದಿಂದ ತನ್ನ ಕೆಲಸವೆಂದೇ ಎಣಿಸಿತು. ದೂರದ ಊರಿನ ಸಂಕಟ ಓದುವವರಿಲ್ಲದೆ ಕಪಾಟು ಸೇರಬಾರದೆಂಬ ಕಾಳಜಿ ಅದರ ಹಿಂದಿದೆ.

ಈ ಹಣ ರೂಢಿಯ ಸುದ್ದಿಮನೆಗೆ ಹೊಳೆಯದ ರೂಪಗಳಿಗೂ ದಾರಿ ಮಾಡಿಕೊಟ್ಟಿತು. ಜಮೈಕಾದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಬಗ್ಗೆ ಬರೆಯಲು ಸೆಂಟರ್ ಕಳಿಸಿದ್ದು ಒಬ್ಬ ಕವಿಯನ್ನು, ಅಲ್ಲೇ ಬೆಳೆದ ಕ್ವಾಮೆ ಡಾಸ್ ಅವರನ್ನು. ಅವರ ಕವಿತೆ, ಜೋಶುವಾ ಕೋಗನ್ ತೆಗೆದ ಚಿತ್ರ, ರೋಗಿಗಳ ದನಿ ಎಲ್ಲ ಸೇರಿದ ಆ ಕೃತಿಗೆ 2009ರಲ್ಲಿ ಎಮ್ಮಿ ಪ್ರಶಸ್ತಿ ಸಿಕ್ಕಿತು. 2016ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್ ತನ್ನ ಒಂದು ಇಡೀ ಸಂಚಿಕೆಯನ್ನು ಅರಬ್ ಜಗತ್ತು ಒಡೆದು ಚೂರಾದ ಬಗೆಗಿನ ಸ್ಕಾಟ್ ಆಂಡರ್ಸನ್ನರ ಒಂದೇ ಬರಹಕ್ಕೆ ಮೀಸಲಿಟ್ಟಾಗ ಅದರ ಹಿಂದೆಯೂ ಸೆಂಟರ್ ಇತ್ತು.

ಯೆಮೆನ್‌ನ ವರದಿಗಳು ಇವೆಲ್ಲಕ್ಕಿಂತ ಮುಖ್ಯ. 2015ರಿಂದ ಸೌದಿ ನೇತೃತ್ವದ ಒಕ್ಕೂಟಕ್ಕೂ ಹೂತಿ ಬಂಡುಕೋರರಿಗೂ ನಡೆದ ಯುದ್ಧದಲ್ಲಿ ಆ ಬಡದೇಶ ನಜ್ಜುಗುಜ್ಜಾಗುತ್ತಿದ್ದಾಗ ಹೊರಗಿನ ಪತ್ರಕರ್ತರಿಗೆ ಒಳಗೆ ಕಾಲಿಡುವುದೇ ಕಷ್ಟವಾಗಿತ್ತು. ಸೆಂಟರಿನ ಧನಸಹಾಯದಿಂದ ಅಸೋಸಿಯೇಟೆಡ್ ಪ್ರೆಸ್‌ನ ಮ್ಯಾಗಿ ಮೈಕೆಲ್, ಛಾಯಾಗ್ರಾಹಕಿ ನಾರಿಮಾನ್ ಎಲ್-ಮೊಫ್ತಿ ಮತ್ತು ಯೆಮೆನ್‌ನವರೇ ಆದ ಮಾದ್ ಅಲ್-ಜಿಕ್ರಿ 2018ರಲ್ಲಿ ಆ ಕೆಲಸಕ್ಕೆ ಇಳಿದರು. ಉತ್ತರದ ಅಸ್ಲಂ ಜಿಲ್ಲೆಯ ಹಳ್ಳಿಗಳಲ್ಲಿ ತಾಯಂದಿರು ಬಳ್ಳಿಯೊಂದರ ಎಲೆ ಕಿತ್ತು ತಂದು, ತೊಳೆದು, ಬೇಯಿಸಿ, ಹುಳಿಹುಳಿಯಾದ ಹಸಿರು ಮುದ್ದೆ ಮಾಡಿ ಮಕ್ಕಳಿಗೆ ಉಣಿಸುತ್ತಿದ್ದರು, ಬೇರೆ ಊಟವಿರಲಿಲ್ಲ. ಈ ಸುದ್ದಿ ಸೆಪ್ಟೆಂಬರಿನಲ್ಲಿ ಹೊರಬಿತ್ತು. ವರದಿಗಾರರು ಅಲ್ಲಿಗೆ ನಿಲ್ಲಿಸಲಿಲ್ಲ. ಜಗತ್ತು ಕಳಿಸಿದ ಆಹಾರ ಈ ಮಕ್ಕಳಿಗೇಕೆ ತಲುಪುತ್ತಿಲ್ಲ ಎಂದು ಬೆನ್ನುಹತ್ತಿ, ನೆರವಿನ ಧಾನ್ಯವನ್ನು ಯುದ್ಧದ ಎರಡೂ ಬಣಗಳ ಕಡೆಯವರು ಕದಿಯುತ್ತಿದ್ದುದನ್ನು ಡಿಸೆಂಬರ್ ಕೊನೆಯ ವರದಿಯಲ್ಲಿ ಬಯಲಿಗೆಳೆದರು. ಸೌದಿ ಒಕ್ಕೂಟ ಅಲ್ ಖೈದಾ ಜೊತೆ ಮಾಡಿಕೊಂಡ ಒಳಒಪ್ಪಂದಗಳು, ಹೂತಿಗಳು ಬಂದೂಕು ಕೊಟ್ಟು ರಣರಂಗಕ್ಕೆ ದೂಡಿದ ಬಾಲಕರು, ಬಂದೀಖಾನೆಯ ಚಿತ್ರಹಿಂಸೆ ಒಂದೊಂದೂ ಅದೇ ಸರಣಿಯಲ್ಲಿ ಬಂದವು. ಮರುವರ್ಷ ಮೂವರಿಗೂ ಪುಲಿಟ್ಜರ್ ಪ್ರಶಸ್ತಿ ಬಂತು. ಸುದ್ದಿಸಂಸ್ಥೆಯ ವರದಿಗಾರರಿಗೂ ಹೊರಗಿನ ನೆರವು ಬೇಕಾಯಿತು ಎಂಬುದೇ ಕಾಲ ಎಷ್ಟು ಬದಲಾಗಿತ್ತು ಎನ್ನುವುದಕ್ಕೆ ಸಾಕ್ಷಿ.

ಈ ಏರ್ಪಾಡಿಗೆ ತನ್ನದೇ ಓರೆಕೋರೆಗಳಿವೆ. ಶ್ರೀಮಂತ ದೇಶದ ವರದಿಗಾರ ಹದಿನೈದು ದಿನಕ್ಕೆ ಬಂದಿಳಿದು, ಸ್ಥಳೀಯ ಪತ್ರಕರ್ತನನ್ನು ದಾರಿ ತೋರಿಸುವ ಫಿಕ್ಸರ್ ಆಗಿಸಿ, ಹೆಸರು ಮಾತ್ರ ತನ್ನದು ಹಾಕಿಕೊಂಡು ಹೋಗುವ ಪದ್ಧತಿ ಬಹುಕಾಲ ನಡೆಯಿತು. ನಾರ್ವೆ ಸರಕಾರದ ಅರಣ್ಯ ಕಾರ್ಯಕ್ರಮದ ಹಣದಲ್ಲಿ ಪುಲಿಟ್ಜರ್ ಸೆಂಟರ್ 2018ರಲ್ಲಿ ಆರಂಭಿಸಿದ ಮಳೆಕಾಡು ಪತ್ರಿಕೋದ್ಯಮ ನಿಧಿ ಅಮೆಜಾನ್, ಕಾಂಗೊ ಕೊಳ್ಳ, ಆಗ್ನೇಯ ಏಷ್ಯಾಗಳ ಸ್ಥಳೀಯ ಪತ್ರಕರ್ತರಿಗೇ ನೇರವಾಗಿ ನೆರವು ಕೊಟ್ಟು ಅದನ್ನು ಸ್ವಲ್ಪಮಟ್ಟಿಗೆ ತಿದ್ದಿತು. ಇನ್ನೊಂದು ತೊಡಕು ದಾನಿಗಳ ಒಲವಿನದು. ಗಾರ್ಡಿಯನ್ ಪತ್ರಿಕೆಯ ಜಾಗತಿಕ ಅಭಿವೃದ್ಧಿ ವಿಭಾಗ 2010ರಲ್ಲಿ ಶುರುವಾದದ್ದು ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ. ಆರೋಗ್ಯ ಮತ್ತು ಕೃಷಿಯಲ್ಲಿ ಸ್ವತಃ ದೊಡ್ಡ ಆಟಗಾರನಾಗಿರುವ ಪ್ರತಿಷ್ಠಾನ ಅದೇ ವಿಷಯಗಳ ಸುದ್ದಿಗೂ ಹಣ ಕೊಟ್ಟರೆ, ಪ್ರತಿಷ್ಠಾನವನ್ನೇ ಪ್ರಶ್ನಿಸಬೇಕಾದ ವರದಿ ಯಾರು ಬರೆಯುತ್ತಾರೆಂಬ ಸಂದೇಹ ನ್ಯಾಯವಾದದ್ದು. ದಾನಿಗೆ ಬೇಡವಾದ ವಿಷಯಕ್ಕೆ ಅರ್ಜಿಯೇ ಬಾರದಿರುವುದು ಕಣ್ಣಿಗೆ ಕಾಣದ ಸೆನ್ಸಾರ್‌ಶಿಪ್.

ಹಣದಿಂದ ತೀರದ ಅಪಾಯವೂ ಇದೆ. 1965ರಿಂದ ಪತ್ರಕರ್ತರಿಗೆ ಫೆಲೋಶಿಪ್ ಕೊಡುತ್ತ ಬಂದಿರುವ ಅಲಿಸಿಯಾ ಪ್ಯಾಟರ್ಸನ್ ಪ್ರತಿಷ್ಠಾನದ ನೆರವು ಪಡೆದು ಅಮೆಜಾನ್ ಉಳಿಸುವ ದಾರಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಬ್ರಿಟಿಷ್ ಪತ್ರಕರ್ತ ಡಾಮ್ ಫಿಲಿಪ್ಸ್ 2022ರ ಜೂನ್ 5ರಂದು ಬ್ರೆಜಿಲ್‌ನ ಜವಾರಿ ಕಣಿವೆಯಲ್ಲಿ, ಆದಿವಾಸಿಗಳ ಪರ ದುಡಿಯುತ್ತಿದ್ದ ಬ್ರೂನೊ ಪೆರೇರಾ ಜೊತೆಗೆ ಕೊಲೆಯಾದರು. ಅರ್ಧಕ್ಕೆ ನಿಂತ ಪುಸ್ತಕವನ್ನು ಗೆಳೆಯರು ಪೂರ್ಣಗೊಳಿಸಿ 2025ರಲ್ಲಿ ಹೊರತಂದರು. ಕೊಲೆಯಾದ, ಸೆರೆಯಾದ ಪತ್ರಕರ್ತರ ಕೆಲಸವನ್ನು ಮುಂದುವರಿಸುವುದನ್ನೇ ಗುರಿಯಾಗಿಸಿಕೊಂಡ ಫರ್ಬಿಡನ್ ಸ್ಟೋರೀಸ್ ಎಂಬ ಲಾಭರಹಿತ ಸಂಸ್ಥೆಯನ್ನು ಲೋರಾಂ ರಿಶಾರ್ 2017ರಲ್ಲಿ ಪ್ಯಾರಿಸ್ಸಿನಲ್ಲಿ ಕಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಅವರ ಕೊನೆಯ ಸಂಪಾದಕೀಯದ ವಸ್ತು ಸುಳ್ಳು ಸುದ್ದಿಯ ಕಾರ್ಖಾನೆಗಳು. ಆ ಎಳೆಯನ್ನು ಹಿಡಿದು ಫರ್ಬಿಡನ್ ಸ್ಟೋರೀಸ್ 2023ರ ಫೆಬ್ರವರಿಯಲ್ಲಿ ಪ್ರಕಟಿಸಿದ ಸ್ಟೋರಿ ಕಿಲ್ಲರ್ಸ್ ತನಿಖೆಯಲ್ಲಿ ಸುಮಾರು ನೂರು ಪತ್ರಕರ್ತರು ದುಡಿದರು. ದುಡ್ಡಿಗೆ ಚುನಾವಣೆಗಳನ್ನು ಕೆಡಿಸಿಕೊಡುವ ಇಸ್ರೇಲಿ ತಂಡವೊಂದು ಅದರಿಂದ ಬೆಳಕಿಗೆ ಬಂತು.

ಸರಕಾರಿ ನೆರವು ಎಷ್ಟು ಅಸ್ಥಿರ ಎಂಬುದು 2025ರ ಜನವರಿಯಲ್ಲಿ ಗೊತ್ತಾಯಿತು. ಅಮೆರಿಕದ ಹೊಸ ಆಡಳಿತ ವಿದೇಶಿ ನೆರವನ್ನು ತಡೆಹಿಡಿದಾಗ, ಸ್ವತಂತ್ರ ಮಾಧ್ಯಮಗಳಿಗೆಂದು ಆ ವರ್ಷ ಮೀಸಲಾಗಿದ್ದ ಸುಮಾರು 26.8 ಕೋಟಿ ಡಾಲರ್ ಕೂಡ ನಿಂತಿತು. ಉಕ್ರೇನಿನ ಸುದ್ದಿಮನೆಗಳಿಗೂ ದೇಶಭ್ರಷ್ಟ ಪತ್ರಕರ್ತರ ತಾಣಗಳಿಗೂ ಇದು ಬಲವಾದ ಏಟು.

ಭಾರತದಲ್ಲಿ ಈ ಚರಿತ್ರೆ ಬೇರೆ ಜಾಡು ಹಿಡಿಯಿತು. ಪಿ. ಸಾಯಿನಾಥ್ 1993ರಲ್ಲಿ ಟೈಮ್ಸ್ ಆಫ್ ಇಂಡಿಯಾ ಫೆಲೋಶಿಪ್ ಪಡೆದು ಪಲಾಮು, ಗೊಡ್ಡಾ, ಕಾಳಾಹಂಡಿ, ಮಲ್ಕಾನ್‌ಗಿರಿ, ಪುದುಕ್ಕೋಟ್ಟೈಯಂಥ ಕಡುಬಡ ಜಿಲ್ಲೆಗಳನ್ನು ಸುತ್ತಿದರು. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಬಡವರು ಹೇಗೆ ಜೀವ ಹಿಡಿಯುತ್ತಾರೆಂಬುದು ಅವರ ಹುಡುಕಾಟ. ಆ ವರದಿಗಳ 1996ರ ಪುಸ್ತಕವನ್ನು ಜಿ.ಎನ್. ಮೋಹನ್ ಕನ್ನಡಕ್ಕೆ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ತಂದರು. 2014ರ ಡಿಸೆಂಬರ್ 20ರಂದು ಸಾಯಿನಾಥ್ ಶುರುಮಾಡಿದ ಪರಿ, ಅಂದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ, ದೇಣಿಗೆ ಮತ್ತು ಸ್ವಯಂಸೇವಕರ ಬಲದಿಂದ ಹಳ್ಳಿಗಳ ಬದುಕನ್ನು ದಾಖಲಿಸುತ್ತಿದೆ. ಓದಲು ಚಂದಾ ಇಲ್ಲ, ಕನ್ನಡವೂ ಸೇರಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತದೆ.

ಅಮೆರಿಕದ ನಿಧಿಗಳ ಹಣ ಭಾರತದ ಸುದ್ದಿಮನೆಗೆ ಸಲೀಸಾಗಿ ಬರಲಾರದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂದ ವಿದೇಶಿ ದೇಣಿಗೆ ಕಾಯ್ದೆ ಮತ್ತು ಅದರ ಜಾಗಕ್ಕೆ ಬಂದ 2010ರ ಕಾಯ್ದೆ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ ಇವರೆಲ್ಲ ಹೊರದೇಶದ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತವೆ. ಕನ್ನಡದಲ್ಲಿ ಪಿ. ಲಂಕೇಶ್ 1980ರಿಂದ ಜಾಹೀರಾತನ್ನು ದೂರವಿಟ್ಟು ಓದುಗರ ಕಾಸಿನಿಂದಲೇ ವಾರಪತ್ರಿಕೆ ನಡೆಸಿ ತೋರಿಸಿದ್ದರು. ದೊಡ್ಡ ಪ್ರಮಾಣದಲ್ಲಿ ಅದು ಎಲ್ಲರಿಗೂ ಸಾಧ್ಯವಾಗಲಿಲ್ಲ. ದೇಶದೊಳಗಿನ ದಾನಿಗಳನ್ನು ಒಟ್ಟುಗೂಡಿಸಲು 2015ರಲ್ಲಿ ಬೆಂಗಳೂರಿನಲ್ಲಿ ಇಂಡಿಪೆಂಡೆಂಟ್ ಆ್ಯಂಡ್ ಪಬ್ಲಿಕ್-ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್ ಹುಟ್ಟಿತು. ಅಜೀಂ ಪ್ರೇಮ್‌ಜಿ, ರೋಹಿಣಿ ನಿಲೇಕಣಿ ಮುಂತಾದವರು ಹಣ ಕೊಟ್ಟರು. ಹಲವು ಡಿಜಿಟಲ್ ಸುದ್ದಿಸಂಸ್ಥೆಗಳು ಅದರ ನೆರವಿನಿಂದ ಕಾಲೂರಿದವು. 2022ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆ ಅದರ ಕಚೇರಿಯಲ್ಲಿ ಸಮೀಕ್ಷೆ ನಡೆಸಿತು. ಬೆಂಗಳೂರಿನಿಂದ ಕನ್ನಡದಲ್ಲಿ ತನಿಖಾ ವರದಿ ಮಾಡುವ ದಿ ಫೈಲ್ 2024ರ ಕೊನೆಯಲ್ಲಿ, ದೆಹಲಿಯ ರಿಪೋರ್ಟರ್ಸ್ ಕಲೆಕ್ಟಿವ್ 2025ರ ಜನವರಿಯಲ್ಲಿ, ಲಾಭರಹಿತ ಸಂಸ್ಥೆಗೆ ಸಿಗುವ ತೆರಿಗೆ ಮಾನ್ಯತೆ ಕಳೆದುಕೊಂಡವು. ತಮ್ಮ ಪತ್ರಿಕೋದ್ಯಮ ಸಾರ್ವಜನಿಕ ಹಿತದ ಕೆಲಸವಲ್ಲ ಎಂದು ಇಲಾಖೆ ಹೇಳಿದೆಯೆಂದು ಕಲೆಕ್ಟಿವ್ ತನ್ನ ಹೇಳಿಕೆಯಲ್ಲಿ ಓದುಗರಿಗೆ ತಿಳಿಸಿತು.